ಬಾಗಿಲು ಒಂದೇ ಇರಲಿ

ಅಹಮದಾಬಾದ್, ವಡೋದರಾ, ಸೂರತ್‌ನಲ್ಲಿ ರೂಮಲ್ಲೇ ಸರ್ವರ್ ಇಟ್ಕೊಂಡಿರೋ ಕನ್ನಡಿಗರಿಗೆ ಇವತ್ತಿನ ಮಾತು. ಮಗುವಿನ ಫೋಟೋನ ಊರಲ್ಲಿರೋ ಅಜ್ಜಿ ನೋಡ್ಲಿ ಅಂತ ಇಮ್ಮಿಚ್ ಹಾಕ್ತೀವಿ. ಆದರೆ ಇಂಟರ್ನೆಟ್‌ಗೆ ತೆರೆದ ಬಾಗಿಲನ್ನ ಅಜ್ಜಿ ಒಬ್ಬರೇ ತಟ್ಟಲ್ಲ, ಬಾಟ್‌ಗಳೂ ತಟ್ಟುತ್ವೆ.

ಅಹಮದಾಬಾದಿನ ಹಳೇ ಪೋಳ್ ನೋಡಿದೀರಲ್ಲ? ಒಳಗೆ ಎಷ್ಟೋ ಮನೆ, ಬೀದಿಗೆ ಒಂದು ಹೆಬ್ಬಾಗಿಲು. ಕ್ಯಾಡಿಯಂಥ ರಿವರ್ಸ್ ಪ್ರಾಕ್ಸಿ ಆ ಹೆಬ್ಬಾಗಿಲು. ಆಥೀಲಿಯಾದಂಥ ಲಾಗಿನ್ ಪೋರ್ಟಲ್ ಅಲ್ಲಿನ ಕಾವಲುಗಾರ. ಪ್ರತಿ ರಿಕ್ವೆಸ್ಟ್ ಬಂದಾಗಲೂ ಕ್ಯಾಡಿ ಮೊದಲು ಅವನನ್ನ ಕೇಳುತ್ತೆ. 200 ಅಂದ್ರೆ ಒಳಗೆ, ಇಲ್ಲಾಂದ್ರೆ ಲಾಗಿನ್ ಪುಟಕ್ಕೆ.

ಪೋಳ್‌ಗಳಲ್ಲಿ ಒಳಗಿನವರಿಗಷ್ಟೇ ಗೊತ್ತಿದ್ದ ಗುಪ್ತ ದಾರಿಗಳೂ ಇದ್ವು. ನಮ್ಮಲ್ಲಿ ಅದು ಡಾಕರ್ ತೆರೆಯೋ 2283 ಪೋರ್ಟ್. ಯುಎಫ್‌ಡಬ್ಲ್ಯೂ ತಡೆಯುತ್ತೆ ಅಂದ್ಕೋಬೇಡಿ, ಡಾಕರ್ ಅದನ್ನ ದಾಟಿಹೋಗುತ್ತೆ. ಕ್ಯಾಡಿ ಅದೇ ಮಷಿನ್‌ನಲ್ಲಿ ನೇರವಾಗಿ ಓಡ್ತಿದ್ರೆ, ಕಂಪೋಸ್ ಫೈಲಲ್ಲಿ 127.0.0.1:2283:2283 ಅಂತ ಬರೀರಿ. ರೂಟರ್‌ನಲ್ಲಿ 80, 443 ಮಾತ್ರ ಫಾರ್ವರ್ಡ್ ಆಗಿರಲಿ.

ಒಂದು ತೊಡಕಿದೆ. ಇಮ್ಮಿಚ್‌ನ ಮೊಬೈಲ್ ಆ್ಯಪ್ ಈ ಕಾವಲು ದಾಟಲಾರದೆ ನಿಂತುಬಿಡುತ್ತೆ. ಅದೊಂದಕ್ಕೆ ಪ್ರಾಕ್ಸಿಯ ತಪಾಸಣೆ ಬಿಟ್ಟು, ಇಮ್ಮಿಚ್‌ನಲ್ಲೇ ಇರೋ ಓಆಥ್ ಮೂಲಕ ಆಥೀಲಿಯಾಗೆ ಜೋಡಿಸಿ, ಆಮೇಲೆ ಪಾಸ್‌ವರ್ಡ್ ಲಾಗಿನ್ ಆಫ್ ಮಾಡಿ.

ಕೊನೆಗೆ ಮೊಬೈಲ್ ಡೇಟಾದಿಂದ ಒಮ್ಮೆ, ರೂಮ್‌ಮೇಟ್ ಲ್ಯಾಪ್‌ಟಾಪಿಂದ ಒಮ್ಮೆ 2283 ತಟ್ಟಿ ನೋಡಿ. ತೆರೆದುಕೊಂಡ್ರೆ ಕಾವಲುಗಾರ ಬರೀ ಅಲಂಕಾರಕ್ಕೆ ನಿಂತಿದಾನೆ ಅಂತ ಅರ್ಥ.