ಹೆಸರಿಲ್ಲದ ಜ್ವರ

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

'ಕುಟುಂಬ ಮತ್ತು ಕಾಯಿಲೆ' ಎಂಬ ವಿಷಯ ಕೊಟ್ಟು ಪೂಜ್ಯರು ನನಗೆ ಮಾತನಾಡಲು ಅಪ್ಪಣೆ ಮಾಡಿದ್ದಾರೆ. ನಾನು ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದವನು, ವೈದ್ಯನಲ್ಲ. ನನ್ನ ಮನೆಯವರ ಕಾಯಿಲೆಯ ಸುದ್ದಿ ನಿಮ್ಮಲ್ಲಿ ಬಹಳ ಜನರಿಗೆ ಗೊತ್ತಿದೆ. ನೋಡಲು ಬಂದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಡಾಕ್ಟರು ಏನಂದ್ರು?" ೧೧ ವಾರಗಳ ಕಾಲ ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಆ ೧೧ ವಾರಗಳ ಬಗ್ಗೆ ಮಾತನಾಡುತ್ತೇನೆ. ಆಕೆಯ ಒಪ್ಪಿಗೆ ಪಡೆದೇ ಮಾತನಾಡುತ್ತಿದ್ದೇನೆ. ಅವರು ಇಲ್ಲೇ ಕುಳಿತಿದ್ದಾರೆ.

೨೦೨೪ರ ದೀಪಾವಳಿ ಮುಗಿದ ವಾರ ಜ್ವರ ಶುರುವಾಯಿತು. ಹಗಲೆಲ್ಲ ಚೆನ್ನಾಗಿರುತ್ತಿದ್ದರು. ಸಂಜೆ ಐದು ದಾಟಿದರೆ ಮೈ ಬಿಸಿ, ೧೦೧ ಡಿಗ್ರಿ, ರಾತ್ರಿ ಬೆವರು. ಟೈಫಾಯ್ಡ್, ಮಲೇರಿಯಾ, ಡೆಂಗ್ಯೂ ಎಲ್ಲ ಪರೀಕ್ಷೆಗಳೂ 'ಇಲ್ಲ' ಎಂದವು. ೫೮ ಕಿಲೋ ಇದ್ದ ತೂಕ ಐದನೆಯ ವಾರಕ್ಕೆ ೫೨ಕ್ಕೆ ಇಳಿಯಿತು. ಎದೆಯ ಸ್ಕ್ಯಾನ್ ಮಾಡಿದಾಗ ಎರಡು ಶ್ವಾಸಕೋಶಗಳ ನಡುವಿನ ದುಗ್ಧಗ್ರಂಥಿಗಳು ಬಾತುಕೊಂಡಿರುವುದು ಕಂಡಿತು. ವೈದ್ಯರು ಮೂರು ಹೆಸರು ಹೇಳಿದರು: ಕ್ಷಯ, ಸಾರ್ಕಾಯ್ಡೋಸಿಸ್, ಲಿಂಫೋಮಾ. ಮೊದಲನೆಯದು ರೋಗಾಣುವಿನಿಂದ ಬರುವುದು, ಆರು ತಿಂಗಳ ಔಷಧಿಗೆ ವಾಸಿಯಾಗುವುದು. ಎರಡನೆಯದರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಕಾರಣ ತಿಳಿಯದಂತೆ ಅಲ್ಲಲ್ಲಿ ಗಂಟು ಕಟ್ಟುತ್ತದೆ. ಮೂರನೆಯದು ಕ್ಯಾನ್ಸರ್. ಸ್ಕ್ಯಾನಿನ ಚಿತ್ರದಲ್ಲಿ ಮೂರೂ ಹೆಚ್ಚುಕಡಿಮೆ ಒಂದೇ ತರಹ ಕಾಣಬಹುದಂತೆ.

"ಇದರಲ್ಲಿ ಯಾವುದು?" ಎಂದು ಕೇಳಿದೆ. "ಗೊತ್ತಿಲ್ಲ" ಎಂದರು ವೈದ್ಯರು. ನನಗೆ ಅವರ ಮೇಲೆ ವಿಶ್ವಾಸ ಹುಟ್ಟಿದ್ದು ಆ ಕ್ಷಣದಲ್ಲಿ. ವೈದ್ಯಶಾಸ್ತ್ರದಲ್ಲಿ ಈ ಸ್ಥಿತಿಗೇ ಒಂದು ಹೆಸರಿದೆ, ಮೂಲ ತಿಳಿಯದ ಜ್ವರ ಎಂದು. ೧೯೬೧ರಲ್ಲಿ ಪೀಟರ್ಸ್‌ಡಾರ್ಫ್ ಮತ್ತು ಬೀಸನ್ ಎಂಬ ಅಮೆರಿಕದ ವೈದ್ಯರಿಬ್ಬರು ಇದಕ್ಕೆ ಲಕ್ಷಣ ಬರೆದರು: ಮೂರು ವಾರ ಮೀರಿದ ಜ್ವರ, ಆಸ್ಪತ್ರೆಯಲ್ಲಿಟ್ಟು ಒಂದು ವಾರ ಹುಡುಕಿದರೂ ಸಿಗದ ಕಾರಣ. 'ತಿಳಿದಿಲ್ಲ' ಎನ್ನುವುದಕ್ಕೂ ಅಳತೆ ಹಾಕಿಟ್ಟಿದ್ದಾರಲ್ಲ, ಎಂಜಿನಿಯರ್ ಆದ ನನಗೆ ಅದು ಬಹಳ ಹಿಡಿಸಿತು.

ಆದರೆ ನಮ್ಮ ಸಮಾಜಕ್ಕೆ 'ಗೊತ್ತಿಲ್ಲ' ಎಂಬ ಮಾತು ಹಿಡಿಸುವುದಿಲ್ಲ. ವೈದ್ಯರು ಜಾಗ ಖಾಲಿ ಬಿಟ್ಟರೆ ಮತ್ತೊಬ್ಬರು ಬಂದು ಕೂಡುತ್ತಾರೆ. ಒಂದೇ ವಾರದಲ್ಲಿ ನಮ್ಮ ಮನೆಗೆ ಸಾಡೇಸಾತಿ ಬಂತು, ನಾಗದೋಷ ಬಂತು, ಅಡುಗೆಮನೆ ಆಗ್ನೇಯಕ್ಕಿಲ್ಲ ಎಂಬ ವಾಸ್ತು ಬಂತು. ಹೇಳಿದವರು ಹೊರಗಿನವರಲ್ಲ. ಎದೆಯ ಮೇಲೆ ಇಷ್ಟಲಿಂಗ ಧರಿಸಿದ, ಬಸವ ಜಯಂತಿಯಲ್ಲಿ ನನ್ನ ಜೊತೆಗೇ ವೇದಿಕೆ ಹತ್ತಿದ ಬಂಧುಗಳು. ಅವರ ಪ್ರೀತಿಯ ಬಗ್ಗೆ ನನಗೆ ಸಂಶಯವಿಲ್ಲ. ಭಯವಾದಾಗ ಮನುಷ್ಯನಿಗೆ ಸತ್ಯಕ್ಕಿಂತ ಒಂದು ಹೆಸರು ಬೇಕಾಗುತ್ತದೆ, ಯಾವ ಹೆಸರಾದರೂ ಸರಿ. ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನವರೂ ಇದ್ದರು, ವೈದ್ಯವೇ ಅವರ ಕಾಯಕ. ರೋಗಕ್ಕೆ ಔಷಧಿ ಹುಡುಕುವುದು ನಮಗೆ ಹೊರಗಿನಿಂದ ಬಂದ ಪದ್ಧತಿಯಲ್ಲ. ಆದರೂ ನಮ್ಮ ಮನೆಗಳಲ್ಲಿ ಪಂಚಾಂಗ ತೆರೆಯುವಷ್ಟು ಬೇಗ ರಕ್ತದ ವರದಿ ತೆರೆಯುವುದಿಲ್ಲ.

ನನ್ನ ಮನೆಯವರೇ ಇದಕ್ಕೆ ಉತ್ತರ ಕೊಟ್ಟರು. ಹಿರಿಯ ಬಂಧುವೊಬ್ಬರು ಶಾಂತಿ ಮಾಡಿಸಲು ದಿನ ಗೊತ್ತು ಮಾಡಿಕೊಂಡೇ ಬಂದಿದ್ದರು. ಆಕೆ ಹಾಸಿಗೆಯಲ್ಲಿ ಎದ್ದು ಕುಳಿತು, "ಅಣ್ಣಾರ, ನನಗ ಏನಾಗೇತಿ ಅನ್ನೂದು ಗೊತ್ತಿಲ್ಲ. ಆದ್ರ ಏನಾಗಿಲ್ಲ ಅನ್ನೂದು ಗೊತ್ತೈತಿ. ಗ್ರಹ ಹಿಡದಿಲ್ಲ" ಎಂದರು. ದಿನವೂ ಲಿಂಗಪೂಜೆ ಮಾಡುತ್ತಿದ್ದರು, ಜ್ವರವಿದ್ದ ದಿನವೂ. ಏನು ಬೇಡಿಕೊಂಡೆ ಎಂದು ನಾನು ಕೇಳಲಿಲ್ಲ. ಒಮ್ಮೆ ತಾವಾಗಿಯೇ ಹೇಳಿದರು: "ಬೇಡಾಕ ಕುಂಡ್ರೂದಿಲ್ಲ, ಸುಮ್ಮನ ಕುಂಡ್ರತೀನಿ."

ಇನ್ನೊಂದು ಸಂಗತಿ. ಕ್ಷಯ ಇರಬಹುದು ಎಂಬ ಮಾತು ಹೊರಬಿದ್ದ ಕೂಡಲೇ ಒಂದು ಮನೆಯಲ್ಲಿ ಆಕೆಗೆ ಬೇರೆ ಲೋಟದಲ್ಲಿ ಚಹಾ ಬಂತು. ಶ್ವಾಸಕೋಶದ ಕ್ಷಯ ಗಾಳಿಯಿಂದ ಹರಡುತ್ತದೆ, ಲೋಟ, ತಟ್ಟೆಗಳಿಂದಲ್ಲ. ಗ್ರಂಥಿಯಲ್ಲಷ್ಟೇ ಇರುವ ಕ್ಷಯ ಸಾಮಾನ್ಯವಾಗಿ ಹರಡುವುದೇ ಇಲ್ಲ. ಪಂಚಸೂತಕಗಳನ್ನು, ಅವುಗಳಲ್ಲಿ ಎಂಜಲು ಸೂತಕವನ್ನೂ ತಿರಸ್ಕರಿಸಿದ ಧರ್ಮ ನಮ್ಮದು. ಅದನ್ನು ಭಾಷಣದಲ್ಲಿ ಹೇಳುವುದು ಸುಲಭ, ಅಡುಗೆಮನೆಯ ಲೋಟದವರೆಗೆ ತಲುಪಿಸುವುದು ಕಷ್ಟ.

ಕಾಯುವ ದಿನಗಳಲ್ಲಿ ನನಗೆ ನೆರವಾದದ್ದು ಕಾಯಕದ ಅಭ್ಯಾಸ. ಮಣ್ಣಿನ ಅಣೆಕಟ್ಟು ಯಾವುದಾದರೂ ಸ್ವಲ್ಪ ಸೋರುತ್ತದೆ. ಒಳಗೆ ನೀರು ಯಾವ ದಾರಿಯಲ್ಲಿ ಬರುತ್ತಿದೆ ಎಂದು ಏರಿಯನ್ನು ಅಗೆದು ನೋಡಲಾಗುವುದಿಲ್ಲ. ಕೆಳಗೆ ಬಂದ ನೀರನ್ನು ದಿನವೂ ಅದೇ ಹೊತ್ತಿಗೆ ಅಳೆಯುತ್ತೇವೆ, ಜಲಾಶಯದ ಮಟ್ಟದ ಜೊತೆ ತಾಳೆ ನೋಡುತ್ತೇವೆ, ನೀರು ತಿಳಿಯೋ ಕದಡಿದೆಯೋ ನೋಡುತ್ತೇವೆ. ಮಟ್ಟ ಏರದಿದ್ದರೂ ಸೋರಿಕೆ ಏರಿದರೆ, ಅಥವಾ ನೀರು ಕದಡಿ ಬಂದರೆ ಒಳಗಿನ ಮಣ್ಣು ಕೊಚ್ಚಿ ಹೋಗುತ್ತಿರಬಹುದು, ತಡಮಾಡುವಂತಿಲ್ಲ. ತಿಳಿನೀರು ಅಷ್ಟೇ ಪ್ರಮಾಣದಲ್ಲಿದ್ದರೆ ಅಳತೆ ಮುಂದುವರಿಸಬೇಕು. ಕಾರಣ ತಿಳಿಯದೆಯೂ ಜವಾಬ್ದಾರಿಯಿಂದ ಇರಲು ಸಾಧ್ಯ ಎಂದು ಮೂವತ್ತಕ್ಕೂ ಹೆಚ್ಚು ವರ್ಷ ಸಂಬಳ ಪಡೆದು ಕಲಿತಿದ್ದೆ. ಹಾಗಾಗಿ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದೆ. ದಿನಕ್ಕೆ ನಾಲ್ಕು ಸಲ ಜ್ವರ, ಸೋಮವಾರ ತೂಕ, ತಿಂದದ್ದು, ನುಂಗಿದ ಮಾತ್ರೆ. ಜ್ವರ ಒಂದು ಸಂಜೆ ೧೦೨ ಮುಟ್ಟಿದರೆ ಎದೆ ಝಲ್ಲೆನ್ನುತ್ತದೆ. ಹಿಂದಿನ ಹತ್ತು ಸಂಜೆಗಳ ಅಂಕಿ ಮುಂದಿದ್ದರೆ ಅಷ್ಟು ಎನ್ನುವುದಿಲ್ಲ. ವೈದ್ಯರೂ ಆ ಪುಟಗಳನ್ನು ಬೆರಳಿಟ್ಟು ಓದಿದರು.

ಮೊದಮೊದಲು ವೈದ್ಯರು ನನ್ನ ಕಡೆ ನೋಡಿ ಮಾತನಾಡುತ್ತಿದ್ದರು, ರೋಗಿ ಪಕ್ಕದಲ್ಲೇ ಕುಳಿತಿದ್ದರೂ. "ಸರ್, ನನಗ ಹೇಳ್ರಿ, ಜ್ವರ ನನಗ ಬಂದೈತಿ" ಎಂದರು ಆಕೆ. ಅಂದಿನಿಂದ ಎಲ್ಲವನ್ನೂ ಆಕೆಗೇ ಹೇಳಿದರು, ಕ್ಯಾನ್ಸರ್ ಎಂಬ ಶಬ್ದವನ್ನೂ ಸೇರಿಸಿ. ಹೆಂಗಸರಿಗೆ ಧೈರ್ಯ ಸಾಲದು, ಹೇಳಬಾರದು ಎಂಬ ರೂಢಿ ನಮ್ಮಲ್ಲಿದೆ. ಅನುಭವ ಮಂಟಪದಲ್ಲಿ ಶರಣೆಯರನ್ನು ಕೂರಿಸಿದವರ ಮನೆಯಲ್ಲಿ ಆಕೆಯ ದೇಹದ ಸುದ್ದಿಯನ್ನೇ ಆಕೆಯಿಂದ ಮುಚ್ಚಿಡುವುದು ನನಗೆ ಒಪ್ಪಿಗೆಯಿಲ್ಲ.

ಶ್ವಾಸನಾಳದ ಮೂಲಕ ಸೂಜಿ ಹಾಕಿ ತೆಗೆದ ಮೊದಲ ಮಾದರಿ ಪರೀಕ್ಷೆಗೆ ಸಾಲಲಿಲ್ಲ. ಏಳನೆಯ ವಾರ ಮತ್ತೆ ತೆಗೆದರು. ಕ್ಯಾನ್ಸರ್ ಕೋಶಗಳು ಕಾಣಲಿಲ್ಲ, ಗ್ರಾನುಲೋಮಾ ಎಂಬ ಸಣ್ಣ ಗಂಟುಗಳು ಕಂಡವು. ಅದು ಕ್ಷಯದಲ್ಲೂ ಉಂಟು, ಸಾರ್ಕಾಯ್ಡಿನಲ್ಲೂ ಉಂಟು. ಕ್ಷಯದ ರೋಗಾಣುವಿನ ಜೀನ್ ಪರೀಕ್ಷೆ 'ಇಲ್ಲ' ಎಂದಿತು. ಗ್ರಂಥಿಯಲ್ಲಿ ರೋಗಾಣು ಬಹಳ ಕಡಿಮೆ ಇರುವುದರಿಂದ ಆ 'ಇಲ್ಲ'ವನ್ನು ಪೂರ್ತಿ ನಂಬುವಂತಿಲ್ಲ. ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ಆರು ವಾರ ಬೇಕು. ಸ್ಟೀರಾಯ್ಡ್ ಕೊಟ್ಟರೆ ಜ್ವರ ತಟ್ಟನೆ ಇಳಿಯುತ್ತದೆ, ಯಾಕೆ ಕೊಡುತ್ತಿಲ್ಲ ಎಂದು ಕೆಲವರು ಕೇಳಿದರು. ಹಾಗೆ ಕೊಟ್ಟರೆ ಲಿಂಫೋಮಾ ಇದ್ದರೂ ಮರೆಯಾಗಬಹುದು, ಕ್ಷಯವಿದ್ದರೆ ಉಲ್ಬಣಿಸಬಹುದು.

ಅಷ್ಟರಲ್ಲಿ ತೂಕ ೪೯ಕ್ಕೆ ಬಂತು. ಹನ್ನೊಂದನೆಯ ವಾರ ವೈದ್ಯರು ನಿರ್ಧಾರಕ್ಕೆ ಬಂದರು. ಅವರ ತರ್ಕ ಹೀಗಿತ್ತು: ಕ್ಷಯವಿದ್ದು ಸ್ಟೀರಾಯ್ಡ್ ಒಂದನ್ನೇ ಕೊಟ್ಟರೆ ಅಪಾಯ ದೊಡ್ಡದು. ಸಾರ್ಕಾಯ್ಡ್ ಇದ್ದು ಕ್ಷಯದ ಔಷಧಿ ಕೊಟ್ಟರೆ ಯಕೃತ್ತಿನ ಮೇಲೆ ಕಣ್ಣಿಡಬೇಕು, ಕೆಲವು ತಿಂಗಳು ನಷ್ಟವಾದೀತು, ಅಷ್ಟೆ. ಸರಿ ಯಾವುದು ಎಂದು ತಿಳಿಯದಿರುವಾಗ ಯಾವ ತಪ್ಪು ಕಡಿಮೆ ಹಾನಿಯದು ಎಂದು ನೋಡಿದರು. ಆಕೆಯನ್ನು ಕೇಳಿದರು, ಆಕೆ ಹೂಂ ಅಂದರು. ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಮುಂದಿನ ನಾಲ್ಕು ತಿಂಗಳು ಮೂರು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಅದು ರಿಫಾಂಪಿಸಿನ್ ಮಾತ್ರೆಯ ಬಣ್ಣ, ಹೆದರಬೇಕಿಲ್ಲ. ಈ ಔಷಧಿಗಳು ಸರ್ಕಾರದಿಂದ ಉಚಿತ. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಆಹಾರಕ್ಕೆಂದು ಕೊಡುತ್ತಿದ್ದ ತಿಂಗಳ ೫೦೦ ರೂಪಾಯಿ ೨೦೨೪ರ ನವೆಂಬರಿನಿಂದ ೧೦೦೦ ಆಗಿದೆ. ಖಾಸಗಿ ವೈದ್ಯರಲ್ಲಿ ತೋರಿಸುವವರೂ ನೋಂದಣಿಯಾದರೆ ಪಡೆಯಬಹುದು. ಸಂಕೋಚದಿಂದ ಎಷ್ಟೋ ಜನ ಹೆಸರೇ ಬರೆಸುವುದಿಲ್ಲ.

ಮೂರನೆಯ ವಾರಕ್ಕೆ ಜ್ವರ ಬಿಟ್ಟಿತು. ಶಾಂತಿ ಮಾಡಿಸಲು ಬಂದಿದ್ದ ಹಿರಿಯರು, ತಾವು ನಮಗೆ ತಿಳಿಸದೆ ತಮ್ಮ ಊರಲ್ಲೇ ಮಾಡಿಸಿದ್ದಾಗಿ ಹೇಳಿ ಪ್ರಸಾದ ಕಳಿಸಿದರು! ಏನು ಹೇಳೋಣ. ಆಕೆ ಪ್ರಸಾದ ತಿಂದು, ಮಾತ್ರೆಯನ್ನೂ ನುಂಗಿದರು.

ಕಲ್ಚರ್ ವರದಿ ಬಂದಾಗ ಅದರಲ್ಲೂ ಏನೂ ಬೆಳೆದಿರಲಿಲ್ಲ. ಆರು ತಿಂಗಳು ಮುಗಿದ ಮೇಲೆ ಮಾಡಿದ ಸ್ಕ್ಯಾನಿನಲ್ಲಿ ಗ್ರಂಥಿಗಳು ಕುಗ್ಗಿವೆ. ತೂಕ ೫೬. ಹಾಗಾದರೆ ಕ್ಷಯವೇ ಎಂದು ಕೇಳಿದೆ. "ಬಹುತೇಕ" ಎಂದರು ವೈದ್ಯರು. ಸಾರ್ಕಾಯ್ಡ್ ಕೂಡ ಕೆಲವೊಮ್ಮೆ ತಾನಾಗಿಯೇ ಇಳಿಯುತ್ತದಂತೆ. ಫೈಲಿನ ಮೇಲೆ ಇಂದಿಗೂ 'ಸಂಭವನೀಯ' ಎಂಬ ಶಬ್ದವೇ ಇದೆ. ಮುಂದಿನ ತಪಾಸಣೆ ಮೂರು ತಿಂಗಳ ನಂತರ, ಅಲ್ಲಿಯವರೆಗೆ ಸೋಮವಾರದ ತೂಕ ಬರೆಯುವುದು ನಡೆದಿದೆ.

ನೋಟ್‌ಬುಕ್ಕಿನ ಮನೆಗಳನ್ನು ಹೇಗೆ ಗೆರೆ ಹಾಕಿಕೊಂಡೆವು ಎಂದು ನೋಡಬೇಕೆನ್ನುವವರಿಗಾಗಿ ಅದನ್ನು ತಂದಿದ್ದೇನೆ, ದಾಸೋಹದ ಹೊತ್ತಿನಲ್ಲಿ ನೋಡಬಹುದು. ಕಾಯಿಲೆಯ ಬಗ್ಗೆ ಪ್ರಶ್ನೆಗಳಿದ್ದರೆ ನನ್ನನ್ನು ಬಿಟ್ಟು ಆಕೆಯನ್ನೇ ಕೇಳಿರಿ.