ಪುಣೆಯಿಂದ ಲೆನಿನ್‌ಗ್ರಾಡಿಗೆ

ತತ್ವಶಾಸ್ತ್ರದ ಜೊತೆಗೆ ರಷ್ಯನ್ ಓದುತ್ತೇನೆಂದು ಮಗಳು ಹೇಳಿದರೆ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ, ‘ಅದರಿಂದೇನು ಸಿಗುತ್ತೆ?’ ಪುಣೆಯಲ್ಲಿ ಪಾಠ ಹೇಳಿದ ಒಬ್ಬ ಮೇಷ್ಟರನ್ನು ನೆನೆದರೆ ಆ ಪ್ರಶ್ನೆ ಸಣ್ಣದಾಗುತ್ತದೆ.

1876ರಲ್ಲಿ ಗೋವೆಯಲ್ಲಿ ಹುಟ್ಟಿದ ಧರ್ಮಾನಂದ ಕೋಸಂಬಿ, ಬುದ್ಧನನ್ನು ಅರಿಯಬೇಕೆಂಬ ಹಂಬಲಕ್ಕೆ ಮನೆ ಬಿಟ್ಟವರು. ಸಂಸ್ಕೃತಕ್ಕಾಗಿ ಪುಣೆ, ಕಾಶಿ, ಪಾಲಿಗಾಗಿ ಶ್ರೀಲಂಕಾ. ಹಾರ್ವರ್ಡ್‌ನಲ್ಲಿ ‘ವಿಸುದ್ಧಿಮಗ್ಗ’ ಎಂಬ ಪಾಲಿ ಬೌದ್ಧ ಗ್ರಂಥದ ಸಂಪಾದನೆಗೆ ಕೂತಾಗ ರಷ್ಯನ್ನನ್ನೂ ಕಲಿತರು. 1912ರಿಂದ ಕೆಲವು ವರ್ಷ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪಾಲಿ ಕಲಿಸಿದರು.

1929ರಲ್ಲಿ ಕೋಸಂಬಿ ಲೆನಿನ್‌ಗ್ರಾಡಿಗೆ ಹೋದರು. ಅದು ಷೆರ್ಬಾಟ್‌ಸ್ಕಿಯವರ ಊರು. ಬೌದ್ಧ ತಾರ್ಕಿಕರಾದ ದಿಙ್ನಾಗ, ಧರ್ಮಕೀರ್ತಿಯರ ತರ್ಕವನ್ನು ಸಂಸ್ಕೃತ ಮತ್ತು ಟಿಬೆಟನ್ ಗ್ರಂಥಗಳಿಂದ ಹೆಕ್ಕಿ ‘ಬುದ್ಧಿಸ್ಟ್ ಲಾಜಿಕ್’ ಎಂಬ ಎರಡು ಸಂಪುಟ ಬರೆದ ವಿದ್ವಾಂಸ ಅವರು. 1930 ಮತ್ತು 1932ರಲ್ಲಿ ಅವು ಅಲ್ಲೇ ಅಚ್ಚಾದವು. ಕಂಚಿಯ ಕಡೆಯ ದಿಙ್ನಾಗನ ವಾದ ಇಲ್ಲಿ ಬಹುಮಟ್ಟಿಗೆ ಮರೆತುಹೋಗಿ, ಲೆನಿನ್‌ಗ್ರಾಡಿನ ನೆವಾ ನದಿಯ ದಡದಲ್ಲಿ ಚರ್ಚೆಯಾಗುತ್ತಿತ್ತು. ಇದಕ್ಕೆ ಹೆಮ್ಮೆ ಪಡಬೇಕೋ ನಾಚಬೇಕೋ, ನೀವೇ ಹೇಳಿ. ನನ್ನ ಮಟ್ಟಿಗಂತೂ ರಷ್ಯನ್ ಮತ್ತು ತತ್ವಶಾಸ್ತ್ರ ಒಟ್ಟಿಗೆ ಓದುವುದು ವಿಚಿತ್ರ ಜೋಡಿಯಲ್ಲ. ಟಾಲ್‌ಸ್ಟಾಯ್, ದಾಸ್ತೋವ್‌ಸ್ಕಿಯರಲ್ಲಿ ಕಾದಂಬರಿ ಎಲ್ಲಿ ಮುಗಿದು ತತ್ವ ಎಲ್ಲಿ ಶುರುವಾಗುತ್ತದೆಂದು ಗೆರೆ ಎಳೆದವರು ಯಾರು?

ಫರ್ಗ್ಯುಸನ್ ರಸ್ತೆಯ ರಾನಡೆ ಇನ್‌ಸ್ಟಿಟ್ಯೂಟ್‌ನಲ್ಲಿ ಪುಣೆ ವಿಶ್ವವಿದ್ಯಾಲಯ ರಷ್ಯನ್ ಕಲಿಸುತ್ತದೆ. ಗಣೇಶಖಿಂಡದ ಆವರಣದಲ್ಲಿ ತತ್ವಶಾಸ್ತ್ರ ವಿಭಾಗವಿದೆ. ಮಗಳು ಎರಡನ್ನೂ ಕೇಳಿದರೆ, ಲಾಭದ ಲೆಕ್ಕ ಆಮೇಲೆ ಮಾಡಿ. ಮೊದಲು ಅರ್ಜಿ ತುಂಬಿಸಿ.