ಉದ್ಯೋಗಾರ್ಥಿಯೂ ಸಂದರ್ಶನವೂ

(ಅರಸೀಕೆರೆಯಲ್ಲಿ ಶ್ರೀಮಠದ ಮಹೋತ್ಸವದ ಅಂಗವಾಗಿ ನಡೆದ ವಿದ್ಯಾರ್ಥಿಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಪಾಠಶಾಲೆಯಲ್ಲಿ ವ್ಯಾಕರಣವನ್ನೂ ಶರಣಶಾಸ್ತ್ರವನ್ನೂ ಓದಿಕೊಂಡ ನಾನು ಉದ್ಯೋಗದ ಸಂದರ್ಶನವನ್ನು ಕುರಿತು ಮಾತನಾಡಬೇಕೆಂದು ಶ್ರೀಗಳವರ ಅಪ್ಪಣೆಯಾಗಿರುವುದು. ಯಾವ ಕಛೇರಿಯಲ್ಲಿಯೂ ಉಮೇದುವಾರನಾಗಿ ಕುಳಿತವನು ನಾನಲ್ಲ. ಆದರೆ ಪ್ರಸಾದನಿಲಯದ ಹುಡುಗರು ಸಂದರ್ಶನಕ್ಕೆಂದು ನಮಸ್ಕರಿಸಿ ಹೊರಡುವುದನ್ನೂ, ಕೆಲವರು ಮೋರೆ ಬಾಡಿಸಿಕೊಂಡು ಹಿಂದಿರುಗುವುದನ್ನೂ ಬಹುಕಾಲದಿಂದ ನೋಡುತ್ತಿದ್ದೇನೆ. ಅವರಿಂದ ತಿಳಿದುದನ್ನೇ ತಮ್ಮ ಮುಂದಿಡುವೆನು.

ತಾನು ಬಯಸಿದ ಕೆಲಸಕ್ಕೆ ಸಂದರ್ಶನವುಂಟೋ ಇಲ್ಲವೋ ಎಂಬುದನ್ನು ಮೊದಲು ಅರಿಯತಕ್ಕದ್ದು. ನಮ್ಮೂರು ರೈಲ್ವೆ ಜಂಕ್ಷನ್ನಾದುದರಿಂದ ಇಲ್ಲಿಯ ಅನೇಕ ಹುಡುಗರಿಗೆ ರೈಲ್ವೆಯ ಚಾಕರಿಯಲ್ಲಿ ಆಸೆ. ಕೇಂದ್ರ ಸರ್ಕಾರವು 2016ನೆಯ ಜನವರಿ 1ರಿಂದ ಗ್ರೂಪ್ ಸಿ ಹುದ್ದೆಗಳಿಗೂ ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗೂ ಸಂದರ್ಶನವನ್ನು ನಿಲ್ಲಿಸಿತು. ರೈಲ್ವೆಯ ಮೊದಲನೆಯ ಹಂತದ ಹುದ್ದೆಗೆ ಕಂಪ್ಯೂಟರಿನ ಪರೀಕ್ಷೆಯಾದ ಮೇಲೆ ಗಂಡಸರು 35 ಕಿಲೋ ಭಾರವನ್ನು ಹೊತ್ತು, ಕೆಳಗಿಡದೆ, 2 ನಿಮಿಷದೊಳಗೆ 100 ಮೀಟರು ಸಾಗಬೇಕು. 1000 ಮೀಟರನ್ನು 4 ನಿಮಿಷ 15 ಸೆಕೆಂಡಿನಲ್ಲಿ ಓಡಬೇಕು. ಹೆಂಗಸರಿಗೆ ಭಾರ 20 ಕಿಲೋ, ಓಟಕ್ಕೆ 5 ನಿಮಿಷ 40 ಸೆಕೆಂಡು. ಅಲ್ಲಿ ಮಾತಿಗಿಂತ ಮೈಯ ಕಸುವು ಮುಖ್ಯ. ಬ್ಯಾಂಕಿನ ಅಧಿಕಾರಿಯ ಹುದ್ದೆಗಾದರೆ ಸಂದರ್ಶನವುಂಟು. ಬರೆಹದ ಪರೀಕ್ಷೆಗೆ 80, ಸಂದರ್ಶನಕ್ಕೆ 20ರ ತೂಕ. ಕೇಂದ್ರ ಲೋಕಸೇವಾ ಆಯೋಗದ ಸಿವಿಲ್ ಸರ್ವೀಸ್ ಪರೀಕ್ಷೆಯ 2025 ಅಂಕಗಳಲ್ಲಿ ಸಂದರ್ಶನದ ಪಾಲು 275. ಓದಿನಲ್ಲಿ ಕಳೆದುಕೊಂಡದ್ದನ್ನೆಲ್ಲ ಅರ್ಧ ಗಂಟೆಯ ಮಾತಿನಲ್ಲಿ ಗಳಿಸುವೆನೆಂಬ ಭ್ರಮೆ ಬೇಡ.

ಒಳಗೆ ನಡೆಯುವುದೇನು? ಮೂರು ನಾಲ್ಕು ಮಂದಿ ಹಿರಿಯರು ಕುಳಿತಿರುವರು. ವಂದಿಸಿ, ಕುಳಿತುಕೊಳ್ಳೆಂದ ಮೇಲೆ ಕುಳಿತುಕೊಳ್ಳಬೇಕು. ಮೊದಲು ಕೇಳುವುದು ಸಾಮಾನ್ಯವಾಗಿ ನಿನ್ನನ್ನೂ ನಿನ್ನ ಊರನ್ನೂ ಕುರಿತದ್ದೇ. ನಮ್ಮ ಹುಡುಗನೊಬ್ಬನು ಪರದೇಶದ ರಾಜಧಾನಿಗಳನ್ನೆಲ್ಲ ಬಾಯಿಪಾಠ ಮಾಡಿ ಹೋಗಿದ್ದನು. ಅವನನ್ನು ಕೇಳಿದ್ದು ಇಷ್ಟೇ: “ನಿಮ್ಮೂರ ಶಿವಾಲಯವನ್ನು ಯಾರ ಕಾಲದಲ್ಲಿ ಕಟ್ಟಿದರು?” ದಿನವೂ ಅದರ ಮುಂದೆ ನಡೆದಾಡುತ್ತಿದ್ದವನು ತಲೆತಗ್ಗಿಸಿ ಬಂದನು. ಹೊಯ್ಸಳರ ಕಾಲದ, 1220ರ ಆ ಗುಡಿಯ ನಕ್ಷತ್ರಾಕಾರದ ಮಂಟಪವನ್ನು ಒಂದು ಸಾರಿಯಾದರೂ ಕಣ್ಣಿಟ್ಟು ನೋಡಿದ್ದರೆ ಸಾಕಾಗಿತ್ತು. ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದುದನ್ನೂ, ನಮ್ಮ ತೆಂಗಿನ ತೋಟಗಳ ಕಷ್ಟಸುಖವನ್ನೂ ಅರಿತಿರುವುದು ಈ ಸೀಮೆಯವರಿಗೆ ಒಪ್ಪುವ ಸಿದ್ಧತೆ.

ಅರಿಯದ ಪ್ರಶ್ನೆ ಬಂದೇ ಬರುವುದು. ಆಗ “ತಿಳಿಯದು, ತಿಳಿದುಕೊಳ್ಳುವೆನು” ಎಂದರೆ ಕುಂದಿಲ್ಲ. ಊಹಿಸಿ ನುಡಿದ ಸುಳ್ಳು ಎರಡನೆಯ ಪ್ರಶ್ನೆಗೆ ಬಯಲಾಗುವುದು. ಶೂನ್ಯಸಂಪಾದನೆಯಲ್ಲಿ ಅಕ್ಕಮಹಾದೇವಿಯು ಕಲ್ಯಾಣಕ್ಕೆ ಬಂದ ಪ್ರಸಂಗವನ್ನು ನೆನೆಯಿರಿ. ನಿನ್ನ ಪತಿ ಯಾರೆಂದು ಪ್ರಭುದೇವರು ಕೇಳಿದರು. ಉಡುಗೆಯನ್ನು ತೊರೆದವಳು ಕೂದಲನ್ನೇಕೆ ಮರೆಮಾಡಿಕೊಂಡೆಯೆಂದೂ ಕೆಣಕಿದರು. ಪ್ರಶ್ನೆ ಕಠಿನವಾಗಿತ್ತು. ಆಕೆ ಕೋಪಿಸಲಿಲ್ಲ, ಅಂಜಲಿಲ್ಲ, ಬಾಳಿದ್ದನ್ನೇ ನುಡಿದಳು. ಕೆಣಕಿದವರ ಉದ್ದೇಶ ಅವಮಾನವಲ್ಲ, ಒಳಗಿನ ಹುರುಳನ್ನು ಸಭೆಗೆ ತೋರುವುದು. ಉದ್ಯೋಗದ ಸಂದರ್ಶನ ಅನುಭವಮಂಟಪವಲ್ಲವೆಂದು ಬಲ್ಲೆನು. ಆದರೂ ಒರಟು ಪ್ರಶ್ನೆ ಬಂದಾಗ ಈ ಪ್ರಸಂಗ ಧೈರ್ಯವನ್ನು ಕೊಡುವುದು.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಆಡಬೇಕಾಗಿದೆ. ಸಂದರ್ಶನದ ದಿನ ನೊಸಲ ವಿಭೂತಿಯನ್ನು ಅಳಿಸಿಕೊಳ್ಳಬೇಕೆ ಎಂದು ಹುಡುಗರು ನನ್ನನ್ನು ಕೇಳುವರು. ಒಬ್ಬನನ್ನು ಅದಕ್ಕಾಗಿಯೇ ಒಂದೆಡೆ ಹಾಸ್ಯ ಮಾಡಿದುದೂ ಉಂಟು. ನಿತ್ಯವೂ ಧರಿಸುವವನು ಅಂದೂ ಧರಿಸಲಿ. ಆದರೆ ನಿತ್ಯ ಧರಿಸದವನು, ಸಮಿತಿಯಲ್ಲಿ ನಮ್ಮವರಿದ್ದಾರೆಂದು ಕೇಳಿ ಅಂದು ಮಾತ್ರ ಬಳಿದುಕೊಂಡು ಹೋಗುವುದು ವಿಭೂತಿಗೇ ಅಪಚಾರ. ಹಾಗೆಯೇ ಶ್ರೀಮಠದಿಂದ ಶಿಫಾರಸು ಪತ್ರ ಬೇಕೆಂದು ತಂದೆತಾಯಿಗಳು ಬರುವರು. ಅವರ ಸಂಕಟ ನನಗೆ ತಿಳಿಯದೆ ಇಲ್ಲ. ಆದರೆ ಅಂಥ ಪತ್ರದ ಬಲದಿಂದ ಒಬ್ಬನು ಒಳಹೊಕ್ಕರೆ, ಪತ್ರವಿಲ್ಲದ ಬಡವನ ಮಗನೊಬ್ಬನು ಹೊರಗುಳಿಯುವನು. ಅವನೂ ಶಿವನ ಮಗನೇ. ಕಾಯಕದಿಂದ ಬಂದುದನ್ನಷ್ಟೇ ಒಪ್ಪಿದ ಆಯ್ದಕ್ಕಿ ಲಕ್ಕಮ್ಮನ ಹೆಸರನ್ನು ಹೇಳುವ ನಾವು, ಕಾಯಕದ ಬಾಗಿಲಲ್ಲೇ ಪರರ ಪಾಲನ್ನು ಕಸಿಯಬಹುದೇ?

ಆದುದರಿಂದ ಮಕ್ಕಳೇ, ಮೂಲಪತ್ರಗಳನ್ನು ಹಿಂದಿನ ರಾತ್ರಿಯೇ ಜೋಡಿಸಿಕೊಳ್ಳಿ. ಒಗೆದ ಬಟ್ಟೆ ತೊಡಿರಿ. ಹೊತ್ತಿಗೆ ಮುಂಚೆ ತಲಪಿರಿ. ಬಲ್ಲುದನ್ನು ತಿಳಿಯಾಗಿ ನುಡಿಯಿರಿ. ಆಯ್ಕೆಯಾಗದಿದ್ದರೆ ಹಿಂದಿರುಗಿ ಬನ್ನಿ. ದಾಸೋಹದ ಪಂಕ್ತಿಯಲ್ಲಿ ನಿಮ್ಮ ಎಲೆ ಎಂದಿನಂತೆಯೇ ಹಾಸಿರುವುದು. ಏನನ್ನು ಕೇಳಿದರೆಂದು ಕಿರಿಯರಿಗೆ ತಿಳಿಸಿ, ಮತ್ತೆ ಓದಲು ಕುಳಿತುಕೊಳ್ಳಿ.